ಕಂಬಿಯಿಲ್ಲದ ಕಾಂಕ್ರೀಟ್

ಪ್ರಶ್ನೆ: ರೋಮ್ ನಗರದಲ್ಲಿ ಎರಡು ಸಾವಿರ ವರ್ಷದ ಹಿಂದೆ ಹಾಕಿದ ಕಾಂಕ್ರೀಟ್ ಇವತ್ತಿಗೂ ಗಟ್ಟಿಮುಟ್ಟಾಗಿದೆ ಎಂದು ಓದುತ್ತಿರುತ್ತೇವೆ. ನಮ್ಮ ಮನೆಯ ತಾರಸಿಗೆ ಇನ್ನೂ ಇಪ್ಪತ್ತೈದು ವರ್ಷ ತುಂಬಿಲ್ಲ. ಆಗಲೇ ಒಳಗಡೆಯಿಂದ ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ, ಕಂಬಿ ಕಾಣುತ್ತಿದೆ. ರೋಮನ್ನರಿಗೆ ಗೊತ್ತಿದ್ದ ಗುಟ್ಟು ಏನು? ಅದು ಕಳೆದುಹೋದದ್ದು ಹೇಗೆ? ಈಗ ಹಾಗೆ ಕಟ್ಟಲು ಸಾಧ್ಯವೇ ಇಲ್ಲವೇ?
— ಓದುಗರೊಬ್ಬರು, ಹಾಸನ

ಉತ್ತರ: ‘ಕಂಬಿ ಕಾಣುತ್ತಿದೆ’ ಎಂದಿರಲ್ಲ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ. ರೋಮನ್ನರ ಕಾಂಕ್ರೀಟಿನಲ್ಲಿ ಕಂಬಿಯೇ ಇರಲಿಲ್ಲ. ನಿಮ್ಮ ತಾರಸಿಯಲ್ಲಿ ಉದುರುತ್ತಿರುವುದು ಕಾಂಕ್ರೀಟೇ ಆದರೂ ಅದನ್ನು ಒಳಗಿನಿಂದ ಒಡೆದು ಕೆಡವುತ್ತಿರುವುದು ತುಕ್ಕು ಹಿಡಿದ ಉಕ್ಕು. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಗಟ್ಟಿ ಎಂದು ಕೇಳುವ ಮೊದಲು, ಅವರು ಏನನ್ನು ಹೇಗೆ ಕಟ್ಟುತ್ತಿದ್ದರು ಎಂದು ಸ್ವಲ್ಪ ನೋಡಬೇಕು.

ರೋಮನ್ ಗೋಡೆಯೊಂದು ಏಳುತ್ತಿದ್ದದ್ದು ಹೀಗೆ. ಎರಡು ಕಡೆ ಇಟ್ಟಿಗೆಯದೋ ಸಣ್ಣ ಕಲ್ಲಿನದೋ ತೆಳುವಾದ ಮೈಗೋಡೆ ಎಬ್ಬಿಸುತ್ತಿದ್ದರು. ನಡುವಿನ ಜಾಗಕ್ಕೆ ಒಂದು ಪದರ ಗಾರೆ ಹಾಕಿ, ಅದರ ಮೇಲೆ ಮುಷ್ಟಿ ಗಾತ್ರದ ಕಲ್ಲು, ಒಡೆದ ಇಟ್ಟಿಗೆ, ಹಳೇ ಕಟ್ಟಡದ ಚೂರುಪಾರುಗಳನ್ನು ಕೈಯಿಂದ ಜೋಡಿಸಿ, ಮತ್ತೆ ಗಾರೆ ಹಾಕಿ ದಮ್ಮಸು ಮಾಡುತ್ತಿದ್ದರು. ನಮ್ಮ ಹಾಗೆ ಮಿಕ್ಸರ್‌ನಿಂದ ತೆಳ್ಳಗೆ ಸುರಿಯುವ ಪದ್ಧತಿ ಅಲ್ಲವೇ ಅಲ್ಲ. ಗಾರೆ ಬಿಗಿಯಾಗಿರುತ್ತಿತ್ತು, ನೀರು ಕಡಿಮೆ. ಗೋಡೆಗಳ ದಪ್ಪವೂ ನಮ್ಮ ಲೆಕ್ಕಕ್ಕೆ ಸಿಗುವಂಥದ್ದಲ್ಲ. ದೊಡ್ಡ ಕಟ್ಟಡಗಳಲ್ಲಿ ಒಂದೆರಡು ಮೀಟರ್ ಸಾಮಾನ್ಯ, ರೋಮ್ ನಗರದ ಪ್ಯಾಂಥಿಯನ್ ದೇಗುಲದಲ್ಲಿ ಸುಮಾರು ಆರು ಮೀಟರ್.

ಇನ್ನು ಗಾರೆಯ ವಿಷಯ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಬರೀ ಮರಳು ಬೆರೆಸಿದರೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗಬೇಕು. ದಪ್ಪ ಗೋಡೆಯ ಒಳಹೊಟ್ಟೆಗೆ ಗಾಳಿ ತಲುಪಲು ಎಷ್ಟೋ ಕಾಲ ಬೇಕು. ನೀರಿನಡಿಯಲ್ಲಂತೂ ಅದು ಗಟ್ಟಿಯಾಗುವುದೇ ಇಲ್ಲ. ರೋಮನ್ನರು ಮರಳಿನ ಜಾಗಕ್ಕೆ ಜ್ವಾಲಾಮುಖಿಯ ಬೂದಿ ಹಾಕಿದರು. ಆ ಬೂದಿಯಲ್ಲಿ ಗಾಜಿನ ರೂಪದ ಸಿಲಿಕಾ ಮತ್ತು ಅಲ್ಯೂಮಿನಾ ಇರುತ್ತವೆ. ನೀರಿದ್ದರೆ ಸಾಕು, ಸುಣ್ಣ ಅವುಗಳ ಜೊತೆ ಬೆರೆತು ಅಂಟಿನಂಥ ಹೊಸ ಪದಾರ್ಥವಾಗುತ್ತದೆ. ಇದಕ್ಕೆ ಗಾಳಿಯ ಹಂಗಿಲ್ಲ. ನಮ್ಮ ಸಿಮೆಂಟಿನಲ್ಲಿ ಕಲ್ಲು-ಮರಳನ್ನು ಹಿಡಿದಿಡುವ ಅಂಟಿಗೂ ಇದಕ್ಕೂ ರಸಾಯನಶಾಸ್ತ್ರದಲ್ಲಿ ಹತ್ತಿರದ ನೆಂಟಸ್ತಿಕೆ ಇದೆ.

ಈ ಬೂದಿಯನ್ನು ಹೊಗಳಿ ಬರೆದವರಲ್ಲಿ ವಿಟ್ರುವಿಯಸ್ ಮುಖ್ಯ. ಕ್ರಿ.ಪೂ. ಮೊದಲ ಶತಮಾನದ ಕೊನೆಯ ಹೊತ್ತಿಗೆ ವಾಸ್ತುಶಿಲ್ಪದ ಬಗ್ಗೆ ಹತ್ತು ಸಂಪುಟ ಬರೆದ ಈತ ಅಳತೆಗಳನ್ನೂ ಕೊಟ್ಟಿದ್ದಾನೆ. ಅಗೆದು ತೆಗೆದ ಮರಳಾದರೆ ಸುಣ್ಣ ಒಂದು ಪಾಲಿಗೆ ಅದು ಮೂರು, ಹೊಳೆಯ ಮರಳಾದರೆ ಎರಡು. ಸಮುದ್ರದ ಕಾಮಗಾರಿಗೆ ವೆಸೂವಿಯಸ್ ಜ್ವಾಲಾಮುಖಿಯ ಸುತ್ತಲಿನ ಬೂದಿ ಎರಡು ಪಾಲು, ಸುಣ್ಣ ಒಂದು. ಮೇಸ್ತ್ರಿಗಳು ಇವತ್ತು ‘ಒಂದಕ್ಕೆ ಒಂದೂವರೆ, ಮೂರು’ ಎನ್ನುತ್ತಾರಲ್ಲ, ಆ ಬಗೆಯ ಲೆಕ್ಕಾಚಾರ ಎರಡು ಸಾವಿರ ವರ್ಷ ಹಳೆಯದು.

ಬೂದಿಯ ನಿಜವಾದ ಪರೀಕ್ಷೆ ನಡೆದದ್ದು ಸಮುದ್ರದಲ್ಲಿ. ನೇಪಲ್ಸ್ ಕೊಲ್ಲಿಯ ಪುತಿಯೋಲಿ, ಅಂದರೆ ಇಂದಿನ ಪೊಜ್ಜುವೋಲಿ ಊರಿನ ಬೂದಿ ಅಲೆಯ ನೀರು ತಾಗಿದೊಡನೆ ಒಂದೇ ಬಂಡೆಯಾಗಿ ದಿನದಿನಕ್ಕೂ ಗಟ್ಟಿಯಾಗುತ್ತ ಹೋಗುತ್ತದೆ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಯೆಹೂದ್ಯರ ರಾಜ ಹೆರೋದ ಕ್ರಿ.ಪೂ. 22ರ ಸುಮಾರಿಗೆ ಕೈಸರಿಯದಲ್ಲಿ, ಅಂದರೆ ಇಂದಿನ ಇಸ್ರೇಲಿನ ಕರಾವಳಿಯಲ್ಲಿ, ಬಂದರು ಕಟ್ಟಿಸಲು ಶುರು ಮಾಡಿದಾಗ ಈ ಬೂದಿಯನ್ನು ನೇಪಲ್ಸ್ ಕೊಲ್ಲಿಯಿಂದಲೇ ಹಡಗುಗಳಲ್ಲಿ ತರಿಸಿದ. ಸುಮಾರು 2,000 ಕಿಲೋಮೀಟರ್ ದೂರ! ಇದಕ್ಕಿಂತ ಸೊಗಸಾದ ಕಥೆ ಕ್ಲಾಡಿಯಸ್ ಚಕ್ರವರ್ತಿಯದು. ಅವನಿಗಿಂತ ಮುಂಚೆ ಆಳಿದ ಕ್ಯಾಲಿಗುಲ ಈಜಿಪ್ಟಿನಿಂದ ಭಾರಿ ಶಿಲಾಸ್ತಂಭವೊಂದನ್ನು ತರಿಸಲು ದೈತ್ಯ ಹಡಗು ಮಾಡಿಸಿದ್ದ. ಆ ಸ್ತಂಭ ಈಗ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚೌಕದಲ್ಲಿ ನಿಂತಿದೆ. ಕೆಲಸ ಮುಗಿದು ಸುಮ್ಮನೆ ಬಿದ್ದಿದ್ದ ಹಡಗನ್ನು ಕ್ಲಾಡಿಯಸ್ ತನ್ನ ಹೊಸ ಬಂದರಿಗೆ ಎಳೆಸಿ, ಪುತಿಯೋಲಿಯ ಬೂದಿಯ ಕಾಂಕ್ರೀಟ್ ತುಂಬಿಸಿ, ಸಮುದ್ರದಲ್ಲಿ ಮುಳುಗಿಸಿದ. ದೀಪಸ್ತಂಭಕ್ಕೆ ಅಡಿಪಾಯವಾದದ್ದು ಅದೇ ಹಡಗು. ಅಡಿಪಾಯದ ಸೆಂಟ್ರಿಂಗ್ ಆಗಿ ಹಡಗನ್ನೇ ಬಳಸಿದ ಎಂಜಿನಿಯರ್‌ಗಳ ಧೈರ್ಯ ನೋಡಿ.

ಬಂದರುಗಳ ಇಂಥ ಕಾಂಕ್ರೀಟನ್ನು 2000ದ ದಶಕದಲ್ಲಿ ಸಂಶೋಧಕರು ಕೊರೆದು ಹೊರತೆಗೆದು ಪರೀಕ್ಷಿಸಿದರು. ಭೂವಿಜ್ಞಾನಿ ಮೇರಿ ಜಾಕ್ಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿವರದ ಪ್ರಕಾರ, ಸಮುದ್ರದ ನೀರು ಒಳಗೆ ಇಳಿದಲ್ಲೆಲ್ಲ ಬೂದಿಯ ಕಣಗಳನ್ನು ಸ್ವಲ್ಪ ಸ್ವಲ್ಪ ಕರಗಿಸಿ, ಆ ಜಾಗದಲ್ಲಿ ಟೊಬರ್ಮೊರೈಟ್, ಫಿಲಿಪ್ಸೈಟ್ ಎಂಬ ಖನಿಜಗಳ ಹರಳು ಬೆಳೆಸಿದೆ. ನಮ್ಮ ಕಾಂಕ್ರೀಟಿಗೆ ಶತ್ರುವಾದ ಉಪ್ಪುನೀರೇ ಅಲ್ಲಿ ಸಂದುಗೊಂದುಗಳನ್ನು ತುಂಬಿಕೊಟ್ಟಿದೆ. ಆದರೆ ಒಂದು ಮಾತು. ಈ ಕಾಂಕ್ರೀಟಿನ ಒತ್ತಡ ತಡೆಯುವ ಶಕ್ತಿ ದೊಡ್ಡದೇನಲ್ಲ. ನಾವು ಸಾಧಾರಣ ಮನೆಗೆ ಬಳಸುವ ಎಂ20 ಕಾಂಕ್ರೀಟ್ 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯಬೇಕು. ರೋಮನ್ ಬಂದರಿನ ಮಾದರಿಗಳು ಸಾಮಾನ್ಯವಾಗಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಬಾಳಿಕೆ ಬೇರೆ, ಬಲ ಬೇರೆ. ಪತ್ರಿಕೆಗಳ ತಲೆಬರಹಗಳು ಎರಡನ್ನೂ ಕಲಸಿಬಿಡುತ್ತವೆ.

ಬಲ ಕಡಿಮೆ ಇದ್ದರೂ ಅಷ್ಟು ದೊಡ್ಡ ಗುಮ್ಮಟ ಹೇಗೆ ನಿಂತಿತು? ಪ್ಯಾಂಥಿಯನ್ ಒಳಗೆ ಹೋಗಿ ನಿಂತರೆ ಎಲ್ಲರಿಗೂ ಹುಟ್ಟುವ ಪ್ರಶ್ನೆ ಇದು. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 125ರ ಸುಮಾರಿಗೆ ಮುಗಿದ ಈ ಗುಮ್ಮಟದ ಅಡ್ಡಳತೆ 43.3 ಮೀಟರ್. ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೇ. ಕಂಬಿಯಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ಜಗತ್ತಿಗೆ ದೊಡ್ಡದು. ಕಟ್ಟಿದವರು ಇಲ್ಲಿ ತೋರಿಸಿರುವ ಜಾಣತನವೆಲ್ಲ ಭಾರ ಇಳಿಸುವುದರಲ್ಲಿದೆ. ಅಡಿಪಾಯದ ಕಾಂಕ್ರೀಟಿಗೆ ಟ್ರಾವರ್ಟೈನ್ ಎಂಬ ಭಾರದ ಸುಣ್ಣಶಿಲೆಯ ತುಂಡು. ಗೋಡೆ ಏರಿದಂತೆ ಟಫ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲು, ಮುಂದೆ ಒಡೆದ ಇಟ್ಟಿಗೆ, ನೆತ್ತಿಯ ಹತ್ತಿರ ನೀರಿನಲ್ಲಿ ತೇಲುವಷ್ಟು ಹಗುರವಾದ ಪ್ಯೂಮಿಸ್. ಗುಮ್ಮಟದ ದಪ್ಪವೂ ಬುಡದಲ್ಲಿ ಸುಮಾರು ಆರು ಮೀಟರ್ ಇದ್ದದ್ದು ಮೇಲೆ ಹೋಗುತ್ತ ಒಂದೂಕಾಲು ಮೀಟರಿನಷ್ಟಕ್ಕೆ ಇಳಿಯುತ್ತದೆ. ಒಳಮೈಯಲ್ಲಿ 140 ಚೌಕಾಕಾರದ ಗುಳಿಗಳು. ನಟ್ಟನಡು ನೆತ್ತಿಯಲ್ಲಿ, ಭಾರ ಹೊರುವ ಕಷ್ಟವೇ ಬೇಡವೆಂದು, ಎಂಟು ಮೀಟರಿಗೂ ಮಿಕ್ಕಿದ ಅಗಲದ ತೆರೆದ ಕಂಡಿ. ಮಳೆ ಬಂದರೆ ನೀರು ನೇರ ಒಳಗೇ ಸುರಿಯುತ್ತದೆ. ನೆಲದಲ್ಲಿ ಅದು ಹರಿದುಹೋಗಲು ಸಣ್ಣ ತೂತುಗಳಿವೆ.

ಆದರೂ ಈ ಗುಮ್ಮಟ ಬಿರುಕು ಬಿಟ್ಟಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬುಡದಿಂದ ಮೇಲ್ಮುಖವಾಗಿ ಹಲವು ಕಡೆ ಸೀಳುಗಳು ಹೋಗಿವೆ. ಯಾವುದೇ ಗುಮ್ಮಟದ ಬುಡ ತನ್ನ ಭಾರಕ್ಕೆ ಹೊರಗೆ ಹಿಗ್ಗಲು ನೋಡುತ್ತದೆ. ಆ ಎಳೆತವನ್ನು ಕಾಂಕ್ರೀಟ್ ತಡೆಯಲಾರದು. ನಾವಾದರೆ ಅಲ್ಲಿ ಸುತ್ತಲೂ ಕಂಬಿ ಕಟ್ಟುತ್ತೇವೆ. ರಾಬರ್ಟ್ ಮಾರ್ಕ್ ಎಂಬ ಎಂಜಿನಿಯರ್ 1980ರ ದಶಕದಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಿದ್ದು ಇಷ್ಟು: ಬಿರುಕು ಬಿಟ್ಟ ಮೇಲೆ ಗುಮ್ಮಟ ಕಿತ್ತಳೆಯ ತೊಳೆಗಳಂತೆ ಭಾಗಭಾಗವಾಗಿ, ಒಂದೊಂದು ಭಾಗವೂ ಎದುರಿನದಕ್ಕೆ ಒರಗಿದ ಕಮಾನಿನ ಹಾಗೆ ನಿಂತಿದೆ. ಹೊರಮೈಯ ಬುಡದಲ್ಲಿ ಮೆಟ್ಟಿಲಿನ ಹಾಗೆ ಕಾಣುವ ಉಂಗುರಗಳು ಆ ಭಾಗಗಳ ಮೇಲೆ ಭಾರ ಹೇರಿ ಹಿಡಿದಿಡುತ್ತವೆ. ಅಂದರೆ ಗುಟ್ಟು ಪದಾರ್ಥದಲ್ಲಿ ಎಷ್ಟಿದೆಯೋ ಆಕಾರದಲ್ಲೂ ಅಷ್ಟೇ ಇದೆ. ಕಮಾನು, ಗುಮ್ಮಟ, ದಪ್ಪ ಗೋಡೆ ಯಾವುದನ್ನೇ ತೆಗೆದುಕೊಳ್ಳಿ, ಮುಖ್ಯವಾಗಿ ಒತ್ತಡವನ್ನೇ ಹೊರುವ ರಚನೆಗಳು ಇವು. ಬಿರುಕು ಬಿಟ್ಟರೂ ಬೀಳದಂತೆ ಕಟ್ಟಿದ್ದಾರೆ. ನನ್ನ ಮಟ್ಟಿಗೆ ರೋಮನ್ನರ ದೊಡ್ಡ ಸಾಧನೆ ಇದು, ಬೂದಿ ಆಮೇಲಿನದು.

ಈಚೆಗೆ ತುಂಬ ಸದ್ದು ಮಾಡಿದ ‘ತಾನೇ ವಾಸಿಯಾಗುವ ಕಾಂಕ್ರೀಟ್’ ಬಗ್ಗೆಯೂ ನೀವು ಓದಿರಬಹುದು. ರೋಮನ್ ಗಾರೆಯಲ್ಲಿ ಅಲ್ಲಲ್ಲಿ ಬಿಳಿಯ ಸುಣ್ಣದ ಗಂಟುಗಳು ಕಾಣಿಸುತ್ತವೆ. ಸರಿಯಾಗಿ ಕಲಸದೆ ಉಳಿದವು ಎಂದೇ ಬಹುಕಾಲ ಅಂದುಕೊಳ್ಳಲಾಗಿತ್ತು. ಅಮೆರಿಕದ ಎಂಐಟಿಯ ಅಡ್ಮಿರ್ ಮಾಸಿಕ್ ಮತ್ತು ತಂಡ ಪ್ರಿವೆರ್ನಮ್ ಎಂಬ ಹಳೆಯ ಊರಿನ ಕೋಟೆಗೋಡೆಯ ಚೂರುಗಳನ್ನು ಪರೀಕ್ಷಿಸಿ 2023ರಲ್ಲಿ ಬೇರೆಯೇ ಮಾತು ಹೇಳಿತು. ಅವರ ಪ್ರಕಾರ ರೋಮನ್ನರು ಸುಣ್ಣವನ್ನು ಮೊದಲೇ ಅರಳಿಸದೆ, ಸುಟ್ಟ ಸುಣ್ಣವನ್ನೇ ಬೂದಿಯೊಂದಿಗೆ ಬೆರೆಸಿ ನೀರು ಹಾಕುತ್ತಿದ್ದರು. ಮಿಶ್ರಣ ಬಿಸಿಯೇರಿ ಕುದಿಯುವಾಗ ಈ ಗಂಟುಗಳು ಉಳಿಯುತ್ತಿದ್ದವು. ಮುಂದೆ ಬಿರುಕು ಬಿಟ್ಟಾಗ ಅದು ಗಂಟಿನ ಮೂಲಕ ಹಾದುಹೋಗುತ್ತದೆ, ನೀರು ಇಳಿದಾಗ ಗಂಟಿನ ಸುಣ್ಣ ಕರಗಿ ಬಿರುಕಿನಲ್ಲಿ ಮತ್ತೆ ಹರಳಾಗಿ ಮುಚ್ಚುತ್ತದೆ. ಅವರೇ ಈ ರೀತಿ ತಯಾರಿಸಿದ ಕಾಂಕ್ರೀಟನ್ನು ಸೀಳಿ ನೀರು ಹರಿಸಿದಾಗ ಎರಡು ವಾರದೊಳಗೆ ಬಿರುಕು ಮುಚ್ಚಿತು. ಸುಟ್ಟ ಸುಣ್ಣ ಹಾಕದ ತುಂಡಿನ ಬಿರುಕು ಮುಚ್ಚಲಿಲ್ಲ.

ಇಲ್ಲೊಂದು ತೊಡಕು ಇತ್ತು. ವಿಟ್ರುವಿಯಸ್ ಅರಳಿಸಿದ ಸುಣ್ಣವನ್ನೇ ಬಳಸಿ ಎನ್ನುತ್ತಾನೆ. ಮೂರು ವರ್ಷಕ್ಕಿಂತ ಹೊಸ ಸುಣ್ಣವನ್ನು ಗುತ್ತಿಗೆದಾರ ಬಳಸಕೂಡದೆಂದು ಹಳೆಯ ಕಟ್ಟಡ ನಿಯಮವೊಂದಿತ್ತು ಎಂದು ಪ್ಲಿನಿಯೂ ಬರೆದಿದ್ದಾನೆ. ಹಾಗಾದರೆ ಬಿಸಿ ಮಿಶ್ರಣ ಎಲ್ಲಿಂದ ಬಂತು? ವೆಸೂವಿಯಸ್ ಬುಡದ ಪಾಂಪೆ ನಗರ ಇದಕ್ಕೆ ಉತ್ತರದ ಸುಳಿವು ಕೊಟ್ಟಿದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಅಲ್ಲಿನ ಕೆಲವು ಮನೆಗಳಲ್ಲಿ ರಿಪೇರಿ ಕೆಲಸ ನಡೆಯುತ್ತಿತ್ತು. ಈಚಿನ ಉತ್ಖನನದಲ್ಲಿ ಅಂಥದೊಂದು ಜಾಗ ಹಾಗೆಯೇ ಸಿಕ್ಕಿದೆ: ಜೋಡಿಸಿಟ್ಟ ಹೆಂಚು, ಕಲ್ಲು, ಸೀಸದ ತೂಕದ ಗುಂಡು, ಜೊತೆಗೆ ಸುಟ್ಟ ಸುಣ್ಣ ಮತ್ತು ಬೂದಿಯನ್ನು ಒಣಗಿದ್ದಂತೆಯೇ ಬೆರೆಸಿಟ್ಟ ರಾಶಿ. ಗೋಡೆಯ ಒಳತುಂಬಿಗೆ ಬಿಸಿ ಮಿಶ್ರಣ, ಗಿಲಾವಿನಂಥ ನಯದ ಕೆಲಸಕ್ಕೆ ಹಳೆಯ ಅರಳಿದ ಸುಣ್ಣ ಎಂಬ ವಿಂಗಡಣೆ ಇದ್ದಿರಬೇಕು ಎಂಬುದು ನನಗೂ ಒಪ್ಪಿಗೆಯಾಗುತ್ತದೆ. ಪುಸ್ತಕ ಬರೆದವನು ಹೇಳಿದ್ದನ್ನೇ ಸೈಟಿನಲ್ಲಿ ಎಲ್ಲರೂ ಮಾಡಿದ ಉದಾಹರಣೆ ಯಾವ ಕಾಲದಲ್ಲಿ ಇದೆ?

ಪ್ಲಿನಿ ಇನ್ನೊಂದು ಮಾತನ್ನೂ ಬರೆದಿಟ್ಟಿದ್ದಾನೆ. ರೋಮನ್ನರು ಕಟ್ಟಿದ್ದೆಲ್ಲ ಶಾಶ್ವತ ಎಂದು ನಂಬಿರುವವರು ಅದನ್ನು ಓದಬೇಕು. ರೋಮ್ ನಗರದಲ್ಲಿ ಕಟ್ಟಡಗಳು ಕುಸಿಯಲು ಮುಖ್ಯ ಕಾರಣ ಸುಣ್ಣದ ಕಳ್ಳತನ, ಹಾಕಬೇಕಾದ ಸುಣ್ಣ ಹಾಕದೆ ಕಲ್ಲು ಪೇರಿಸಿಬಿಡುತ್ತಾರೆ ಎನ್ನುತ್ತಾನೆ. ಸಿಮೆಂಟ್ ಮೂಟೆ ಮಾಯವಾಗುವ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ವಾಗ್ಮಿ ಸಿಸೆರೊ ಗೆಳೆಯನಿಗೆ ಬರೆದ ಕಾಗದದಲ್ಲಿ, ತನ್ನ ಎರಡು ಮಳಿಗೆಗಳು ಬಿದ್ದಿವೆ, ಉಳಿದವೂ ಬಿರುಕು ಬಿಟ್ಟಿವೆ, ಬಾಡಿಗೆದಾರರಷ್ಟೇ ಅಲ್ಲ ಇಲಿಗಳೂ ಜಾಗ ಖಾಲಿ ಮಾಡಿವೆ ಎಂದು ತಮಾಷೆ ಮಾಡುತ್ತಾನೆ. ಬಡವರು ಬಾಡಿಗೆಗಿದ್ದ ಬಹುಮಹಡಿ ಕಟ್ಟಡಗಳು ಬೀಳುವುದು, ಸುಡುವುದು ಆ ನಗರದಲ್ಲಿ ಮಾಮೂಲಿ ಸುದ್ದಿ. ಅವು ಇವತ್ತು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಅವು ಉಳಿಯಲೇ ಇಲ್ಲ. ನಾವು ನೋಡುತ್ತಿರುವುದು ಚಕ್ರವರ್ತಿಗಳ ದುಡ್ಡಿನಲ್ಲಿ, ಒಳ್ಳೆಯ ಮಾಲು ಹಾಕಿ ಕಟ್ಟಿದ, ಆಯ್ದುಳಿದ ಕೆಲವನ್ನು. ಪ್ಯಾಂಥಿಯನ್ ಉಳಿದದ್ದಕ್ಕೆ ಇನ್ನೂ ಒಂದು ಸರಳ ಕಾರಣ ಉಂಟು. ಕ್ರಿ.ಶ. 609ರಲ್ಲಿ ಅದು ಚರ್ಚ್ ಆಯಿತು. ನೋಡಿಕೊಳ್ಳುವವರಿದ್ದರು. ದಿಕ್ಕಿಲ್ಲದೆ ಹೋದ ಕಟ್ಟಡಗಳ ಅಮೃತಶಿಲೆಯನ್ನು ಮಧ್ಯಯುಗದಲ್ಲಿ ಕಿತ್ತು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿಕೊಂಡರು.

ಈಗ ನಿಮ್ಮ ತಾರಸಿಗೆ ಬರೋಣ. ನಾಲ್ಕೈದು ಅಂಗುಲ ದಪ್ಪದ ಚಪ್ಪಟೆ ಹಾಸು ಕೋಣೆಯ ಮೇಲೆ ಅಡ್ಡ ಮಲಗಬೇಕಾದರೆ ಅದರ ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಎಳೆತ ತಡೆಯಲು ಕಂಬಿ ಬೇಕೇ ಬೇಕು. ರೋಮನ್ನರ ಗಾರೆಯಲ್ಲಿ ಇಂಥ ತೆಳು ತಾರಸಿ ಸಾಧ್ಯವೇ ಇರಲಿಲ್ಲ. ಹೊಸ ಕಾಂಕ್ರೀಟ್ ತೀವ್ರ ಕ್ಷಾರ, ಆ ಕ್ಷಾರ ಇರುವವರೆಗೆ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೂಕ್ಷ್ಮ ರಂಧ್ರಗಳಿಂದ ಒಳಗೆ ಇಳಿಯುತ್ತ ಕ್ಷಾರವನ್ನು ಕಳೆಯುತ್ತದೆ. ಸುಣ್ಣದ ಗಾರೆಯನ್ನು ಗಟ್ಟಿ ಮಾಡುವ ಅನಿಲವೇ ಇಲ್ಲಿ ಕಂಬಿಯ ರಕ್ಷಣೆಯನ್ನು ತೆಗೆದುಹಾಕುತ್ತದೆ. ಅದು ಕಂಬಿ ಮುಟ್ಟಿದ ಮೇಲೆ ಸ್ವಲ್ಪ ತೇವ ಸಿಕ್ಕರೂ ಸಾಕು, ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಿಗ್ಗಿ ಹಿಗ್ಗಿ ಕೆಳಗಿನ ಕಾಂಕ್ರೀಟನ್ನು ಚಕ್ಕೆಯಾಗಿ ದೂಡುತ್ತದೆ. ಕಬ್ಬಿಣದ ಈ ಗುಣ ಕಲ್ಲಿಗೂ ಕಂಟಕವೇ. ಅಥೆನ್ಸಿನ ಪಾರ್ಥೆನಾನ್ ದೇಗುಲವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ದುರಸ್ತಿ ಮಾಡಿದವರು ಹೊಸ ಕಬ್ಬಿಣದ ಪಟ್ಟಿಗಳನ್ನು ಹಾಕಿದರು. ಅವು ತುಕ್ಕು ಹಿಡಿದು ಅಮೃತಶಿಲೆಯನ್ನೇ ಸೀಳಿದವು. ಮೂಲದಲ್ಲಿ ಕಟ್ಟಿದ ಗ್ರೀಕರು ಕಬ್ಬಿಣದ ಸುತ್ತ ಸೀಸ ಎರೆದಿದ್ದರು.

ಗುಟ್ಟು ಕಳೆದುಹೋಯಿತು ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ಸಾಮ್ರಾಜ್ಯ ಕುಸಿದ ಮೇಲೆ ಹಡಗುಗಟ್ಟಲೆ ಬೂದಿ ಸಾಗಿಸುವ, ಸಾವಿರಾರು ಕೂಲಿಗಳನ್ನು ಸಾಕುವ ವ್ಯವಸ್ಥೆ ಹೋಯಿತು. ದೊಡ್ಡ ಕಾಮಗಾರಿ ನಿಂತಿತು, ಅಷ್ಟೇ. ಇಂಗ್ಲೆಂಡಿನ ಜಾನ್ ಸ್ಮೀಟನ್ 1759ರಲ್ಲಿ ಎಡ್ಡಿಸ್ಟನ್ ದೀಪಸ್ತಂಭ ಮುಗಿಸಿದಾಗ ಸುಣ್ಣಕ್ಕೆ ಬೆರೆಸಿದ್ದು ಇಟಲಿಯಿಂದ ತರಿಸಿದ ಜ್ವಾಲಾಮುಖಿ ಬೂದಿಯನ್ನೇ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ ಮೇಲೆ ಬೇಗ ಗಟ್ಟಿಯಾಗುವ, ಎಲ್ಲಿ ಬೇಕಾದರೂ ತಯಾರಿಸಬಹುದಾದ ಪದಾರ್ಥ ಸಿಕ್ಕಿತು. ಜಗತ್ತು ಅದರ ಹಿಂದೆ ಹೋಯಿತು. ಬೂದಿ ಸಿಗದ ಕಡೆ ಸುಟ್ಟ ಇಟ್ಟಿಗೆಯ ಪುಡಿ ಅದೇ ಕೆಲಸ ಮಾಡುತ್ತದೆ. ರೋಮನ್ನರು ನೀರಿನ ಕಾಲುವೆ, ತೊಟ್ಟಿಗಳ ಒಳಮೈಗೆ ಹೆಂಚು-ಮಡಕೆಯ ಪುಡಿ ಬೆರೆಸಿದ ಸುಣ್ಣ ಮೆತ್ತುತ್ತಿದ್ದರು. ನಮ್ಮಲ್ಲಿ ಅದೇ ಸುರ್ಕಿ ಗಾರೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಈ ಸುರ್ಕಿ, ಸಿಮೆಂಟ್ ಅಲ್ಲ. ಇನ್ನು ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟ್ ಮೂಟೆಯ ಮೇಲೆ ‘ಪೊಜೊಲಾನಾ’ ಎಂದು ಬರೆದಿರುವುದನ್ನು ಗಮನಿಸಿದ್ದೀರಾ? ಅದೇ ಪೊಜ್ಜುವೋಲಿಯ ಹೆಸರು. ಜ್ವಾಲಾಮುಖಿಯ ಬದಲು ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಅದಕ್ಕೆ ಶೇ. 15ರಿಂದ 35ರವರೆಗೆ ಬೆರೆಸುತ್ತಾರೆ.

ರೋಮನ್ ಮಾದರಿಯಲ್ಲಿ ಈಗ ಕಟ್ಟಬಹುದೇ ಎಂದರೆ, ಸಮುದ್ರದ ತಡೆಗೋಡೆ, ಕಂಬಿ ಬೇಡದ ದಪ್ಪ ಕಟ್ಟಡಗಳಿಗೆ ಖಂಡಿತ ಯೋಚಿಸಬಹುದು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ. 8ರಷ್ಟು ಸಿಮೆಂಟಿನದೇ ಆದ್ದರಿಂದ ಆ ದಿಕ್ಕಿನಲ್ಲಿ ಸಂಶೋಧನೆಯೂ ನಡೆಯುತ್ತಿದೆ. ಆದರೆ ಮನೆಗೆ ಅದು ಹೊಂದುವುದಿಲ್ಲ: ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಮೀಟರ್ ದಪ್ಪದ ಗೋಡೆ ಎಬ್ಬಿಸಿದರೆ ನಿಮಗೆ ಕೋಣೆ ಉಳಿಯುವುದಿಲ್ಲ.

ನಿಮ್ಮ ಮನೆಯ ಮಟ್ಟಿಗೆ ಕೆಲಸಕ್ಕೆ ಬರುವ ಮಾತು ಹೇಳಿ ಮುಗಿಸುತ್ತೇನೆ. ಇಪ್ಪತ್ತೈದು ವರ್ಷಕ್ಕೇ ಕಂಬಿ ತುಕ್ಕು ಹಿಡಿಯಿತು ಎಂದರೆ ಹೆಚ್ಚಾಗಿ ಮೂರರಲ್ಲಿ ಒಂದು ತಪ್ಪು ಆಗಿರುತ್ತದೆ. ಕಂಬಿಯ ಕೆಳಗೆ ಕವರ್ ಬ್ಲಾಕ್ ಇಡದೆ ಅದು ಸೆಂಟ್ರಿಂಗ್ ಶೀಟಿಗೇ ತಾಗಿಕೊಂಡಿರುತ್ತದೆ. ಸುರಿಯಲು ಸುಲಭವಾಗಲಿ ಎಂದು ನೀರು ಹೆಚ್ಚು ಹಾಕಿರುತ್ತಾರೆ. ಇಲ್ಲವೇ ಕ್ಯೂರಿಂಗ್ ಎರಡು ಮೂರು ದಿನಕ್ಕೇ ನಿಲ್ಲಿಸಿರುತ್ತಾರೆ. ಭಾರತೀಯ ಮಾನಕದ ಪ್ರಕಾರ ಸಾಧಾರಣ ವಾತಾವರಣದಲ್ಲೂ ತಾರಸಿಯ ಕಂಬಿಯ ಹೊರಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಕಾರವಾರ, ಮಂಗಳೂರಿನಂಥ ಕರಾವಳಿಯಲ್ಲಿ 45. ನೀರು ನಿಲ್ಲಿಸುವುದು ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ. ಈಗ ಉದುರುತ್ತಿರುವ ಜಾಗಕ್ಕೆ ಮೇಸ್ತ್ರಿ ಬಂದು ಸಿಮೆಂಟ್ ಮೆತ್ತಿ ಬಣ್ಣ ಬಳಿದು ಹೋದರೆ ಒಂದೆರಡು ಮಳೆಗಾಲದಲ್ಲಿ ಅದೂ ಬೀಳುತ್ತದೆ, ಒಳಗೆ ತುಕ್ಕು ಮುಂದುವರಿಯುತ್ತಲೇ ಇರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ತಾರಸಿ ಪೂರ್ತಿ ತಟ್ಟಿ ನೋಡಿಸಿ. ಟೊಳ್ಳು ಸದ್ದು ಬರುವ ಕಡೆಯೆಲ್ಲ ಕಾಂಕ್ರೀಟ್ ತೆಗೆಸಿ, ಕಂಬಿಯ ತುಕ್ಕು ಉಜ್ಜಿಸಿ, ತೀರಾ ಸವೆದಿದ್ದರೆ ಹೊಸ ಕಂಬಿ ಸೇರಿಸಿ ಮುಚ್ಚಿಸಬೇಕು. ಅದಕ್ಕೂ ಮೊದಲು ಮೇಲಿನಿಂದ ನೀರು ಎಲ್ಲಿ ಇಳಿಯುತ್ತಿದೆ ಎಂದು ಹುಡುಕಿಸಿ. ಅಲ್ಲಿಯವರೆಗೆ ಆ ಚಕ್ಕೆಗಳ ಕೆಳಗೆ ಮಕ್ಕಳನ್ನು ಮಲಗಿಸಬೇಡಿ.